ಫಾರಿನ್ ಬುತ್ತಿ: 23 ಕಿಲೋದಾಗ ಆರು ಕಿಲೋ ಊರು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ರೊಟ್ಟಿ ಕೇಂದ್ರಗಳಲ್ಲಿ ಈಗ ಗಿರಾಕಿಗೆ ಮೊದಲು ಕೇಳುವ ಮಾತು ಇದು: "ಊರಾಗ ತಿನ್ನಾಕೋ, ಫಾರಿನ್‌ಗೋ?" ಫಾರಿನ್ ಅಂದರೆ ಪ್ಯಾಕಿಂಗ್ ಬೇರೆ, ರೇಟೂ ತುಸು ಬೇರೆ. ಆದರೆ ದುಬೈಗೂ ಅದೇ ಪ್ಯಾಕು, ಮ್ಯೂನಿಕ್‌ಗೂ ಅದೇ, ಸಿಡ್ನಿಗೂ ಅದೇ. ತೊಂದರೆ ಹುಟ್ಟುವುದು ಅಲ್ಲೇ. ಒಂದು ದೇಶದಲ್ಲಿ ಯಾರೂ ಕೇಳದ ಸಾಮಾನು ಇನ್ನೊಂದು ದೇಶದ ಕಸ್ಟಮ್ಸ್ ಮೇಜಿನ ಮೇಲೆ ಕಸದ ಬುಟ್ಟಿಗೆ ಹೋಗುತ್ತದೆ. ಮತ್ತೊಂದು ದೇಶದಲ್ಲಿ ಪೊಲೀಸರ ಮುಂದೆ ನಿಲ್ಲಿಸುತ್ತದೆ. ನೌಕರಿಗೆಂದು ಹೊರಟವರು ಕಟ್ಟಿಸಿಕೊಳ್ಳುವ ಈ ಬುತ್ತಿಯ ಒಂದೊಂದು ಪದಾರ್ಥವನ್ನೂ ಇಲ್ಲಿ ಬಿಚ್ಚಿ ನೋಡಿದ್ದೇವೆ. ಅಂಗಡಿಗಳ ಹೆಸರು ಬೇಕೆಂತಲೇ ಹಾಕಿಲ್ಲ. ರೊಟ್ಟಿ ಕೇಂದ್ರದ ಗುಣ ಬೋರ್ಡಿನಲ್ಲಿ ಇರುವುದಿಲ್ಲ, ಆ ವಾರದ ಹಿಟ್ಟಿನಲ್ಲಿ ಮತ್ತು ಬಡಿಯುವವರ ಕೈಯಲ್ಲಿ ಇರುತ್ತದೆ. ಮಾಲನ್ನು ಪರೀಕ್ಷೆ ಮಾಡಲು ಬಂದರೆ ಯಾವ ಓಣಿಯ ಕೇಂದ್ರವಾದರೂ ನಡೆಯುತ್ತದೆ.

ಕೊನೆಯತನಕ ಓದಲು ವೇಳೆ ಇಲ್ಲದವರಿಗೆ ತೀರ್ಪು ಇಲ್ಲೇ: ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಧಾರಾಳ ಜಾಗ ಕೊಡಿ, ರೊಟ್ಟಿ 20 ದಿನದಷ್ಟು ಸಾಕು, ಕರದಂಟು ತಗೊಳ್ಳುವ ಮುಂಚೆ ಗಸಗಸೆ ಕೇಳಿ, ಕುಂದಾ ಇಲ್ಲೇ ತಿಂದು ಹೋಗಿ, ರೊಟ್ಟಿ ಬೇಯಿಸುವ ಹಂಚು ಮರೆಯಬೇಡಿ.

ಲೆಕ್ಕ ಹೀಗೆ. ಚೆಕ್-ಇನ್ ಚೀಲ 23 ಕಿಲೋ ಎಂದಿಟ್ಟುಕೊಳ್ಳಿ. ಬಟ್ಟೆ, ಬೂಟು, ಕಾಗದಪತ್ರ, ಔಷಧ ಹೋಗಿ ತಿನ್ನುವ ಸಾಮಾನಿಗೆ ಆರು ಕಿಲೋ ಸಿಕ್ಕರೆ ಪುಣ್ಯ. ತೆಳ್ಳಗೆ ಬಡಿದ ಖಡಕ್ ರೊಟ್ಟಿ ಒಂದು ಸುಮಾರು 40 ಗ್ರಾಂ ತೂಗುತ್ತದೆ. ರಾತ್ರಿ ಊಟಕ್ಕೆ ಎರಡರಂತೆ 20 ದಿನಕ್ಕೆ 40 ರೊಟ್ಟಿ, 1.6 ಕಿಲೋ. ಅದರ ಡಬ್ಬಿ 600 ಗ್ರಾಂ. ಮೂರು ಥರದ ಹಿಂಡಿ ಒಂದೂವರೆ ಕಿಲೋ. ಕರದಂಟು ಅರ್ಧ ಕಿಲೋ, ಮಸಾಲೆ ಖಾರ ಅರ್ಧ ಕಿಲೋ, ಕಬ್ಬಿಣದ ಹಂಚು 1.2 ಕಿಲೋ. ಎಲ್ಲ ಕೂಡಿಸಿದರೆ 5.9. ಜೋಳದ ಹಿಟ್ಟು ಈ ಲೆಕ್ಕದಲ್ಲಿ ಇಲ್ಲ. ಯಾಕೆ ಇಲ್ಲ ಎಂಬುದಕ್ಕೆ ಮುಂದೆ ಬರೋಣ.

ಮೊದಲು ರೊಟ್ಟಿ. ಹೊಸ ಊರಿನಲ್ಲಿ ಮೊದಲ ಎರಡು-ಮೂರು ವಾರ ಹೋಟೆಲ್ ರೂಮು, ಇಲ್ಲವೇ ಯಾರದೋ ಮನೆಯ ಒಂದು ಕೋಣೆ. ಒಲೆ ನಮ್ಮದಲ್ಲ, ಪಾತ್ರೆ ನಮ್ಮದಲ್ಲ, ಅಂಗಡಿ ಎಲ್ಲಿದೆಯೋ ತಿಳಿಯದು. ಬೆಂಕಿಯನ್ನೇ ಕೇಳದ ಊಟ ಬೇಕಾಗುವುದು ಆಗ. ಖಡಕ್ ರೊಟ್ಟಿ, ಹಿಂಡಿ, ಅಲ್ಲಿನ ಅಂಗಡಿಯ ಮೊಸರು, ಒಂದು ಉಳ್ಳಾಗಡ್ಡಿ: ಮುಗಿಯಿತು. 20 ದಿನದ ಲೆಕ್ಕ ಹೇಳಿದ್ದು ಇದಕ್ಕೇ. ಮೂರು ತಿಂಗಳಿಗೆ ಆಗುವಷ್ಟು ಕಟ್ಟಿಸಿಕೊಂಡು ಹೋದವರ ಚೀಲದಲ್ಲಿ ಕೊನೆಗೆ ಉಳಿಯುವುದು ರೊಟ್ಟಿ ಪುಡಿ.

ಒಳ್ಳೆಯ ಖಡಕ್ ರೊಟ್ಟಿಯ ಬೇರು ಜೋಳದಲ್ಲಿದೆ. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಎನ್ನುವ ಡೋಣಿ ನದಿಯ ಸೀಮೆ ಇದು. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲ್ದಂಡಿ, ಅಂದರೆ ಎಂ 35-1 ತಳಿ, ರೊಟ್ಟಿಗೆ ಹೇಳಿ ಮಾಡಿಸಿದ್ದು. ಜೋಳದಲ್ಲಿ ಗೋಧಿಯಂತೆ ಗ್ಲುಟೆನ್ ಇಲ್ಲ. ಹಿಟ್ಟು ಹಿಡಿದುಕೊಳ್ಳುವುದು ಕುದಿಯುವ ಎಸರಿನಲ್ಲಿ ಪಿಷ್ಟ ಬೆಂದು ಅಂಟಾಗುವುದರಿಂದ. ಹೊಸ ಜೋಳದ, ಹೊಸದಾಗಿ ಬೀಸಿದ ಹಿಟ್ಟಿನಲ್ಲಿ ಆ ಜಿಗುಟು ಚೆನ್ನಾಗಿರುತ್ತದೆ, ರೊಟ್ಟಿಯನ್ನು ಹಪ್ಪಳದಷ್ಟು ತೆಳ್ಳಗೆ ಬಡಿಯಬಹುದು. ಹಿಟ್ಟು ಹಳೆಯದಾದರೆ ಅಂಚು ಹರಿಯುತ್ತದೆ, ಬಡಿಯುವವರು ದಪ್ಪ ಬಿಡುತ್ತಾರೆ, ದಪ್ಪ ರೊಟ್ಟಿ ಒಳಗೆ ಒಣಗುವುದಿಲ್ಲ. ಹಿಂಗಾರಿ ಸುಗ್ಗಿ ಮುಗಿದು ಹೊಸ ಜೋಳ ಪೇಟೆಗೆ ಬರುವುದು ಫೆಬ್ರವರಿ-ಮಾರ್ಚ್ ಹೊತ್ತಿಗೆ. ಆ ಮೇಲೆ ಹೊರಡುವವರಿಗೆ ಒಳ್ಳೆ ಮಾಲು. ದೀಪಾವಳಿ ಸುಮಾರಿಗೆ ಹೊರಡುವವರು ಒಂದು ಪ್ರಶ್ನೆ ಹೆಚ್ಚಿಗೆ ಕೇಳಬೇಕು.

"ಅಕ್ಕಾರ, ಹಿಟ್ಟು ಯಾವಾಗ ಬೀಸಿಸೀರಿ?"

"ನಿನ್ನಿ ಸಂಜಿಗೆರಿ" ಎಂದರೆ ಆರ್ಡರ್ ಕೊಡಿ. "ಹಿಟ್ಟು ಭಾಳ ಚಲೋ ಐತಿ ತಗೋರಿ" ಎಂದಷ್ಟೇ ಉತ್ತರ ಬಂದರೆ ಇನ್ನೊಂದು ಕೇಂದ್ರ ನೋಡಿ.

ಮಾಲು ಕೈಗೆ ಬಂದ ಮೇಲೆ ನೋಡಬೇಕಾದದ್ದು ಮೂರು. ಒಂದು, ಮುರಿದಾಗ ಟಪ್ ಎನ್ನಬೇಕು. ಮುರಿಯುವ ಮುಂಚೆ ತುಸು ಬಾಗಿದರೆ ಒಂದೋ ತೇವ ಉಳಿದಿದೆ, ಇಲ್ಲವೇ ಹಿಟ್ಟಿಗೆ ಗೋಧಿ ಬೆರೆತಿದೆ. ಎರಡು, ಮುರಿದ ಅಂಚಿನಲ್ಲಿ ಎರಡು ಪದರು ಬೇರೆಬೇರೆ ಕಾಣಬೇಕು. ಹಂಚಿನ ಮೇಲೆ ಸರಿಯಾಗಿ ಉಬ್ಬಿದ ರೊಟ್ಟಿ ಮಾತ್ರ ಹೀಗೆ ಎರಡು ಹಾಳೆಯಾಗುತ್ತದೆ. ಉಬ್ಬದ್ದು ಒಂದೇ ಗಟ್ಟಿ ಹಲಗೆ, ಹಲ್ಲಿಗೆ ಕೆಲಸ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ನಡುಮಧ್ಯೆ ಹೆಬ್ಬೆರಳಿನಿಂದ ಒತ್ತಿ. ಅಂಚು ಗರಿಗರಿಯಾಗಿ ನಡುವೆ ಒಂದು ರೂಪಾಯಿ ಅಗಲದಷ್ಟು ಮೆತ್ತಗಿದ್ದರೂ ಆ ಪೊಟ್ಟಣ ಬೇಡ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ಕಿನೊಳಗೆ ಆ ತೇವ ಇಡೀ ಅಟ್ಟಿಗೆ ಹರಡಿ, ನಾಲ್ಕೈದು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಗಡಿಬಿಡಿಯಲ್ಲಿ ಬಿಸಿ ಇರುವಾಗಲೇ ಕಟ್ಟಿದ ರೊಟ್ಟಿಯ ಗತಿಯೂ ಇದೇ. ವಿಮಾನದ ದಿನಕ್ಕೆ ಮೂರು ದಿನ ಮುಂಚೆ ಬಡಿಸಿ, ಒಂದು ದಿನ ಗಾಳಿಗೆ ಆರಲು ಬಿಟ್ಟು, ಹಿಂದಿನ ದಿನ ಪ್ಯಾಕ್ ಮಾಡಿಸುವುದು ಸರಿಯಾದ ಕ್ರಮ. ಉಪ್ಪು ಹಾಕಿದ ರೊಟ್ಟಿ ಬೇಡ ಎಂದು ಮೊದಲೇ ಹೇಳಿ, ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ಮಷಿನ್ ರೊಟ್ಟಿಯನ್ನು ಮೂಗು ಮುರಿದು ತಳ್ಳಬೇಡಿ. ರುಚಿಯಲ್ಲಿ ಕೈರೊಟ್ಟಿಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಯಾಣಕ್ಕೆ ಮಷಿನ್ ರೊಟ್ಟಿಗೆ ಒಂದು ಗುಣ ಇದೆ: ಎಲ್ಲವೂ ಒಂದೇ ಅಳತೆ, ಒಂದೇ ದಪ್ಪ, ಅಟ್ಟಿ ಸಮ ಕೂರುತ್ತದೆ. ಕೈರೊಟ್ಟಿಯ ಅಟ್ಟಿಯಲ್ಲಿ ಒಂದು ಸೊಟ್ಟಗಿದ್ದರೆ ಅದರ ಮೇಲಿನ ಹತ್ತು ಮುರಿಯುತ್ತವೆ. ಕೈರೊಟ್ಟಿಯೇ ಬೇಕೆಂದರೆ ಎಂಟು-ಒಂಬತ್ತು ಇಂಚಿನ ಸಣ್ಣ ರೊಟ್ಟಿ ಬಡಿಸಿ. ಮನೆಯ ಹನ್ನೆರಡು ಇಂಚಿನ ರೊಟ್ಟಿ ಯಾವ ಸೂಟ್‌ಕೇಸಿನಲ್ಲೂ ನೆಟ್ಟಗೆ ಕೂರುವುದಿಲ್ಲ.

ಸಜ್ಜಿ ರೊಟ್ಟಿ ಸಂಕ್ರಾಂತಿಗೆ ಚೆಂದ, ಬುತ್ತಿಗೆ ಅಷ್ಟಕ್ಕಷ್ಟೆ. ಸಜ್ಜೆಯಲ್ಲಿ ಕೊಬ್ಬಿನ ಅಂಶ ಹೆಚ್ಚು, ಮೇಲೆ ಎಳ್ಳು ಬೇರೆ. ಎರಡೂ ಬೇಗ ಕಮಟುತ್ತವೆ. ಜೋಳದ ರೊಟ್ಟಿ ಒಣಗಿದ್ದರೆ ಎರಡು ತಿಂಗಳು ತಡೆಯುವಲ್ಲಿ ಸಜ್ಜಿ ರೊಟ್ಟಿ 15-20 ದಿನಕ್ಕೆ ಮುಗಿಸಬೇಕು.

ಪ್ಯಾಕಿಂಗಿನಲ್ಲಿ ದೊಡ್ಡ ಮೋಸ ವ್ಯಾಕ್ಯೂಮ್ ಪ್ಯಾಕ್. "ಫಾರಿನ್ ಸ್ಪೆಷಲ್" ಎಂದು ರೊಟ್ಟಿಯನ್ನೂ ಗಾಳಿ ಹೀರಿ ಕೊಡುತ್ತಾರೆ. ಹಿಂಡಿಗೆ, ಹೋಳಿಗೆಗೆ, ಕರದಂಟಿಗೆ ವ್ಯಾಕ್ಯೂಮ್ ಒಳ್ಳೆಯದು, ರೊಟ್ಟಿಗೆ ಅಲ್ಲ. ಗಾಳಿ ಹೋದಂತೆ ಪ್ಲಾಸ್ಟಿಕ್ ಎಲ್ಲ ಕಡೆಯಿಂದ ಒತ್ತಿ ಅಂಚುಗಳನ್ನು ಕೇಂದ್ರದಲ್ಲೇ ಪುಡಿ ಮಾಡಿಬಿಡುತ್ತದೆ. ಹತ್ತತ್ತು ರೊಟ್ಟಿಯ ಅಟ್ಟಿ ಮಾಡಿ, ಪ್ರತಿ ಅಟ್ಟಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಆಗಬೇಕು, ಅಟ್ಟಿಗಳ ನಡುವೆ ಅದೇ ಅಳತೆಗೆ ಕತ್ತರಿಸಿದ ರಟ್ಟು, ಎಲ್ಲ ಸೇರಿ ಗಟ್ಟಿ ಡಬ್ಬಿಯೊಳಗೆ. ಡಬ್ಬಿಯಲ್ಲಿ ಉಳಿದ ಜಾಗಕ್ಕೆ ಕರವಸ್ತ್ರ, ಕಾಲುಚೀಲ ತುರುಕಿ. ರೊಟ್ಟಿ ಮುರಿಯುವುದು ಭಾರಕ್ಕಿಂತ ಅಲುಗಾಟಕ್ಕೆ. ಡಬ್ಬಿ ಸೂಟ್‌ಕೇಸಿನ ನಡುವೆ ಬಟ್ಟೆಗಳ ಮಧ್ಯೆ ಮಲಗಿರಲಿ. ಇನ್ನೂ ಭದ್ರ ಬೇಕೆಂದರೆ ಒಂದೆರಡು ಅಟ್ಟಿ ಕ್ಯಾಬಿನ್ ಚೀಲಕ್ಕೆ. ರೊಟ್ಟಿಗೆ ಅಲ್ಲಿ ಅಡ್ಡಿ ಇಲ್ಲ.

ಊರು ಮುಟ್ಟಿದ ಮೇಲೆ ಹವೆಯ ಆಟ. ಚಳಿಗಾಲದಲ್ಲಿ ಹೀಟರ್ ಹಾಕಿದ ಯುರೋಪಿನ ಮನೆಯ ಗಾಳಿ ಒಣ, ರೊಟ್ಟಿ ತೆರೆದಿಟ್ಟರೂ ಗರಿಗರಿ. ಸಿಂಗಪುರದಲ್ಲಿ ಬೆಳಿಗ್ಗೆ ತೆರೆದ ಪೊಟ್ಟಣ ಮಧ್ಯಾಹ್ನಕ್ಕೆ ಚರ್ಮ. ದುಬೈಯ ಬೇಸಿಗೆಯಲ್ಲಿ ಎ.ಸಿ. ಕೋಣೆಯಿಂದ ಹೊರಗೆ ತಂದರೆ ಅದೇ ಕಥೆ. ಮೆತ್ತಗಾದ ರೊಟ್ಟಿ ಕೆಟ್ಟಿತೆಂದಲ್ಲ. ಓವನ್ನಿನಲ್ಲಿ 120 ಡಿಗ್ರಿಗೆ ಐದಾರು ನಿಮಿಷ, ಇಲ್ಲವೇ ಒಣ ಹಂಚಿನ ಮೇಲೆ ಸಣ್ಣ ಉರಿ ಇಟ್ಟರೆ ಮತ್ತೆ ಖಡಕ್ ಆಗುತ್ತದೆ. ಮೈಕ್ರೋವೇವ್ ಮಾತ್ರ ಬೇಡ, ಅದರಲ್ಲಿ ರೊಟ್ಟಿ ಒಣಗುವ ಬದಲು ರಬ್ಬರಾಗುತ್ತದೆ.

ಇನ್ನು ಹಿಂಡಿ. ಈ ಬುತ್ತಿಯಲ್ಲಿ ಕಿಲೋಗೆ ತಕ್ಕ ಫಲ ಕೊಡುವ ಪದಾರ್ಥ ಇದೊಂದೇ. ಜೋಳದ ಹಿಟ್ಟು ಹೊರದೇಶದಲ್ಲಿ ಸಿಗುತ್ತದೆ, ಬೇಳೆ ಸಿಗುತ್ತದೆ, ಗುಜರಾತಿ ಅಂಗಡಿಯಲ್ಲಿ ಬೆಲ್ಲವೂ ಸಿಗುತ್ತದೆ. ಒರಳಲ್ಲಿ ಕುಟ್ಟಿದ ಶೇಂಗಾ ಹಿಂಡಿ ಎಲ್ಲೂ ಸಿಗುವುದಿಲ್ಲ. ದಿನಕ್ಕೆ ಎರಡು ಚಮಚ, ಸುಮಾರು 20 ಗ್ರಾಂ ಹಿಡಿದರೆ ತಿಂಗಳಿಗೆ 600 ಗ್ರಾಂ. ಒಂದೂವರೆ ಕಿಲೋ ಒಬ್ಬರಿಗೆ ಎರಡೂವರೆ ತಿಂಗಳು.

ಶೇಂಗಾ, ಗುರೆಳ್ಳು (ಹುಚ್ಚೆಳ್ಳು), ಅಗಸಿ: ಮೂರರ ಆಯುಷ್ಯ ಒಂದೇ ಅಲ್ಲ. ಬಾಟಲಿ ಮೇಲೆ "ಆರು ತಿಂಗಳು" ಎಂದು ಒಂದೇ ಚೀಟಿ ಅಂಟಿಸಿ ಮಾರುವವರ ಮಾತು ನಂಬಬೇಡಿ. ಅಗಸಿ ಎಣ್ಣೆ ಗಾಳಿಗೆ ಎಲ್ಲಕ್ಕಿಂತ ಬೇಗ ಕಮಟುತ್ತದೆ; ಅದರ ಒಮೆಗಾ-3 ಕೊಬ್ಬಿನ ಗುಣವೇ ಅದು. ಅಗಸಿ ಹಿಂಡಿ 300 ಗ್ರಾಂ ಸಾಕು, ಮೊದಲ ತಿಂಗಳಲ್ಲೇ ತಿಂದು ಮುಗಿಸಿ, ಇಲ್ಲವೇ ಹೋದ ದಿನವೇ ಫ್ರೀಜರಿಗೆ ಹಾಕಿ. ಶೇಂಗಾ ಹಿಂಡಿಯ ಬಾಳಿಕೆ ಬೆಳ್ಳುಳ್ಳಿಯ ಕೈಯಲ್ಲಿದೆ. ಹಸಿ ಬೆಳ್ಳುಳ್ಳಿ ಹಾಕಿ ಕುಟ್ಟಿದ್ದಕ್ಕೆ ಘಮ ಹೆಚ್ಚು, ತೇವವೂ ಹೆಚ್ಚು. ತಿಂಗಳು ದಾಟಿದರೆ ಭರವಸೆ ಇಲ್ಲ. ಎಣ್ಣೆಯಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿಯದು ಫ್ರಿಜ್ಜಿನಲ್ಲಿ ಮೂರು ತಿಂಗಳು. ಆರ್ಡರ್ ಕೊಡುವಾಗ ಬಾಯಿಬಿಟ್ಟು ಹೇಳಬೇಕು: "ಬಳ್ಳೊಳ್ಳಿ ಹುರದು ಹಾಕ್ರಿ." ಗುರೆಳ್ಳು ಎರಡರ ನಡುವೆ. ಸರಿಯಾಗಿ ಹುರಿದಿದ್ದರೆ ಎರಡು ತಿಂಗಳಿಗೆ ಮೋಸವಿಲ್ಲ. ಹಸಿ ಉಳಿದರೆ ಮೊದಲ ದಿನವೇ ನಾಲಗೆಗೆ ಕಹಿ ಬರುತ್ತದೆ.

ಮಿಕ್ಸರ್ ಹಿಂಡಿಯೋ ಒರಳಿನದೋ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಮಿಕ್ಸರಿನದು ಹಿಟ್ಟಿನಂತೆ ಉದುರುದುರು. ಕುಟ್ಟಿದ್ದು ಎಣ್ಣೆ ಬಿಟ್ಟು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತದೆ, ಬೆರಳು ಒತ್ತಿದರೆ ಒಡೆಯುತ್ತದೆ. ರುಚಿ ಇದರದೇ. ಆದರೆ ಎಣ್ಣೆ ಪ್ಲಾಸ್ಟಿಕ್ ದಾಟಿ ಅಂಗಿಗೆ ಇಳಿಯುತ್ತದೆ. ಒಳಗೊಂದು ಸೀಲ್ ಚೀಲ, ಮೇಲೊಂದು ಜಿಪ್ ಚೀಲ, ನಡುವೆ ಹಳೆಯ ಪೇಪರ್. ಹಿಂಡಿಯಾಗಲಿ ಮಸಾಲೆ ಖಾರವಾಗಲಿ ಕ್ಯಾಬಿನ್ ಚೀಲಕ್ಕೆ ಹಾಕಬೇಡಿ. ನಮ್ಮ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಖಾರದ ಪುಡಿ ಬಿಡುವುದಿಲ್ಲ. ಅಮೆರಿಕದ ವಿಮಾನಕ್ಕಾದರೆ 350 ಮಿಲಿಲೀಟರಿಗೆ ಮೀರಿದ ಯಾವ ಪುಡಿಯನ್ನಾದರೂ ಬಿಚ್ಚಿಸಿ ನೋಡುತ್ತಾರೆ.

ಕರದಂಟಿಗೆ ಬರೋಣ. ಬೆಳಗಾವಿ ಜಿಲ್ಲೆಯ ಗೋಕಾಕದ್ದೋ, ಬಾಗಲಕೋಟೆ ಜಿಲ್ಲೆಯ ಅಮೀನಗಡದ್ದೋ ಎಂಬ ಜಗಳ ಮುಗಿಯುವಂಥದ್ದಲ್ಲ, ಅದರಲ್ಲಿ ನಾವು ತಲೆ ಹಾಕುವುದಿಲ್ಲ. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ. ಬುತ್ತಿಗೆ ಇದಕ್ಕಿಂತ ಗಟ್ಟಿ ಸಿಹಿ ಇಲ್ಲ, ಸೀಲ್ ಪ್ಯಾಕ್ ಎರಡು ತಿಂಗಳು ಆರಾಮ. ಚಳಿ ದೇಶದಲ್ಲಿ ಕಲ್ಲಾಗುತ್ತದೆ. ಹತ್ತು ಸೆಕೆಂಡ್ ಮೈಕ್ರೋವೇವ್‌ನಲ್ಲಿಟ್ಟರೆ ಹಲ್ಲಿಗೆ ಬಗ್ಗುತ್ತದೆ. ಇಷ್ಟು ಹೊಗಳಿದ ಮೇಲೆ ಎಚ್ಚರಿಕೆ, ಮತ್ತು ಈ ಬರಹದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ಇಡಿ: ಕರದಂಟಿಗೆ, ಅಂಟಿನ ಉಂಡೆಗೆ ಬಹಳ ಕಡೆ ಗಸಗಸೆ ಹಾಕುತ್ತಾರೆ. ಸಂಯುಕ್ತ ಅರಬ್ ಸಂಸ್ಥಾನ, ಸೌದಿ, ಸಿಂಗಪುರದಲ್ಲಿ ಗಸಗಸೆ ನಿಷೇಧ. ಅಫೀಮಿನ ಗಿಡದ ಬೀಜವೆಂದು ಮಾದಕವಸ್ತು ಕಾನೂನಿನ ಕಣ್ಣಲ್ಲೇ ನೋಡುತ್ತಾರೆ, "ಸಿಹಿಯಾಗ ಹಾಕೀವ್ರಿ" ಎಂದರೆ ನಡೆಯುವುದಿಲ್ಲ. ಆ ಕಡೆ ಹೊರಟವರು ಕೊಳ್ಳುವಾಗಲೇ ಕೇಳಬೇಕು: "ಕಾಕಾರ, ಇದರಾಗ ಗಸಗಸಿ ಐತೇನ್ರಿ?" ಇದೆ ಎಂದರೆ ಬೇಡ, ಗೊತ್ತಿಲ್ಲ ಎಂದರೂ ಬೇಡ. ಪೊಟ್ಟಣದ ಮೇಲೆ ಸಾಮಗ್ರಿಗಳ ಪಟ್ಟಿ ಅಚ್ಚಾಗಿದ್ದರೆ ಓದಿ ನೋಡಿ. ಮನೆಯಲ್ಲಿ ಅವ್ವ ಕಟ್ಟಿದ ಉಂಡಿ, ಮನೆಯ ಮಸಾಲೆ ಖಾರ ಎರಡಕ್ಕೂ ಇದೇ ಪ್ರಶ್ನೆ. ಮಸಾಲೆಗೂ ಗಸಗಸೆ ಬೀಳುತ್ತದೆ.

ಒಣಕೊಬ್ಬರಿಯದು ಇನ್ನೊಂದು ಕಥೆ. ಅಡುಗೆಗೆಂದು ಕೊಬ್ಬರಿ ಬಟ್ಟಲು ಚೀಲಕ್ಕೆ ಹಾಕಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಎಣ್ಣೆ ತುಂಬಿದ ಒಣಕೊಬ್ಬರಿ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲ ಸರಕು ಎಂದು ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಕರದಂಟಿನೊಳಗೆ ಬೆಲ್ಲದ ಪಾಕದಲ್ಲಿ ಬೆರೆತ ತುರಿಗೆ ಈ ತಕರಾರು ಇಲ್ಲ.

ಬೆಳಗಾವಿ ಕುಂದಾ ರುಚಿಗೆ ಹತ್ತಕ್ಕೆ ಹತ್ತು, ಬುತ್ತಿಗೆ ಸೊನ್ನೆ. ಹಾಲು ಬತ್ತಿಸಿ ಮಾಡಿದ್ದು. ಫ್ರಿಜ್ಜಿಲ್ಲದೆ ಕೆಲವು ದಿನ ದಾಟಿದರೆ ಹುಳಿ ವಾಸನೆ. ಅದು ಹೋಗಲಿ ಎಂದರೆ ಕಾಯಿದೆ ಬಿಡುವುದಿಲ್ಲ: ಯುರೋಪ್ ಒಕ್ಕೂಟದ ದೇಶಗಳಿಗೂ ಬ್ರಿಟನ್ನಿಗೂ ಭಾರತದಿಂದ ಪ್ರಯಾಣಿಕರು ಹಾಲಿನ ಪದಾರ್ಥ ಒಯ್ಯುವಂತಿಲ್ಲ, ತುಪ್ಪವೂ ಅದರಲ್ಲೇ ಬಂತು. ಆಸ್ಟ್ರೇಲಿಯಾ ಕೂಡ ದನಗಳ ಕಾಲುಬಾಯಿ ಜ್ವರದ ಹೆದರಿಕೆಯಿಂದ ಹಾಲಿನ ಸಿಹಿ ತಡೆಯುತ್ತದೆ. ಬೀಳ್ಕೊಡುವವರು ಕುಂದಾ ಡಬ್ಬಿ ತಂದರೆ ಅಲ್ಲೇ ಬಾಯಿ ತೆರೆದು ಎಲ್ಲರೂ ತಿನ್ನಿ. ಶೇಂಗಾ ಹೋಳಿಗೆ ಹಾಗಲ್ಲ. ಹೂರಣದಲ್ಲಿ ಹುರಿದ ಶೇಂಗಾ, ಎಳ್ಳು, ಬೆಲ್ಲವಷ್ಟೇ ಇದ್ದು, ಎಣ್ಣೆಯಲ್ಲಿ ಬೇಯಿಸಿದ್ದರೆ 15 ದಿನ ನಿಶ್ಚಿಂತೆ. ಹೊಸ ಆಫೀಸಿನಲ್ಲಿ ಮೊದಲ ವಾರ ಹಂಚಲು ಇದಕ್ಕಿಂತ ಒಳ್ಳೆಯದಿಲ್ಲ, ಖಾರವಿಲ್ಲ, ಕೈಗೆ ಅಂಟುವುದಿಲ್ಲ.

ಉಳಿದವು ಚುಟುಕಾಗಿ. ಇಂಡಿ ನಿಂಬೆಯ ಉಪ್ಪಿನಕಾಯಿ ಚೆಕ್-ಇನ್‌ಗೆ ಮಾತ್ರ, ಗಾಜಿನ ಬಾಟಲಿಯಲ್ಲಿ ಬೇಡ. ವಿಜಯಪುರದ ಒಣದ್ರಾಕ್ಷಿ ಹಗುರವಲ್ಲದಿದ್ದರೂ ಕೆಡದು. ಹಸಿ ಕರಿಬೇವು ಯುರೋಪಿಗೆ ಬೇಡ, ಹಿಡಿದರೆ ಕಿತ್ತುಕೊಳ್ಳುತ್ತಾರೆ. ಅಮೆರಿಕಕ್ಕೆ ಅಕ್ಕಿ ಒಯ್ಯಬೇಡಿ. ಹಸಿ ಗುರೆಳ್ಳು ಕಾಳೂ ಬೇಡ, ಶಾಖ ಕೊಟ್ಟು ಮೊಳಕೆ ಕೊಂದ ಬೀಜವನ್ನಷ್ಟೇ ಅವರು ಬಿಡುವುದು. ಆಸ್ಟ್ರೇಲಿಯಾದವರಿಗೆ ಖಾಪ್ರಾ ಎಂಬ ದಾಸ್ತಾನು ಹುಳದ ಭಯ. ಹಸಿ ಶೇಂಗಾ, ಒಣ ಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಕಾಳು, ಕಡಲೆ, ಬೇಳೆ ಎಲ್ಲ ಆ ಪಟ್ಟಿಯಲ್ಲಿವೆ. ಹುರಿದು ಸೀಲ್ ಮಾಡಿದ ಕಂಪನಿ ಪೊಟ್ಟಣಕ್ಕೆ ಬೇರೆ ಲೆಕ್ಕ. ಹಾಗಾಗಿ ಅಲ್ಲಿಗೆ ಹೊರಟವರು ಮನೆಯ ಹಿಂಡಿಗಿಂತ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ತಯಾರಾದ ದಿನಾಂಕ, ಇಂಗ್ಲಿಷಿನಲ್ಲಿ ಸಾಮಗ್ರಿಗಳ ಹೆಸರು ಅಚ್ಚಾದ ಪೊಟ್ಟಣ ತಗೊಳ್ಳುವುದು ಜಾಣತನ. ಗುರೆಳ್ಳು ಹಿಂಡಿಯ ಕಪ್ಪು ಪುಡಿ ನೋಡಿ ಅಧಿಕಾರಿ ಹುಬ್ಬೇರಿಸಿದಾಗ "ರೋಸ್ಟೆಡ್ ನೈಜರ್ ಸೀಡ್ ಪೌಡರ್" ಎಂದು ಅಚ್ಚಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕದ ಫಾರ್ಮಿನಲ್ಲಿ "ತಿನ್ನುವ ಪದಾರ್ಥ ಇದೆಯೇ" ಎಂದು ಕೇಳಿದಲ್ಲಿ "ಹೌದು" ಎಂದೇ ಗುರುತು ಹಾಕಿ. ಹೌದು ಎಂದು ತೋರಿಸಿದ್ದನ್ನು ಹೆಚ್ಚೆಂದರೆ ಎಸೆಯುತ್ತಾರೆ. ಇಲ್ಲ ಎಂದು ಸಿಕ್ಕಿಬಿದ್ದರೆ ದಂಡ. ನ್ಯೂಜಿಲೆಂಡಿನಲ್ಲಿ ಅದು ನಿಂತಲ್ಲೇ 400 ಡಾಲರ್.

ನಮ್ಮ ಸೀಮೆಯವರಿಗೇ ಆಗುವ ತೊಡಕು ಒಂದಿದೆ. ಬೆಳಗಾವಿಯ ಸಾಂಬ್ರಾದಿಂದ ಮುಂಬೈಗೋ ಬೆಂಗಳೂರಿಗೋ ಬೇರೆ ಟಿಕೆಟ್, ಅಲ್ಲಿಂದ ಹೊರದೇಶಕ್ಕೆ ಬೇರೆ ಟಿಕೆಟ್ ಮಾಡಿಸಿದರೆ ಮೊದಲ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ ಉಚಿತ. 23 ಕಿಲೋ ಚೀಲ ತೂಕಕ್ಕಿಟ್ಟಾಗ ಎಂಟು ಕಿಲೋಗೆ ದುಡ್ಡು ತೆರಬೇಕು. ಆ ದುಡ್ಡಿಗೆ ಇನ್ನೊಂದು ಬುತ್ತಿ ಬರುತ್ತಿತ್ತು. ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಇರುವಂತೆ ನೋಡಿಕೊಳ್ಳಿ, ಆಗ ಬಹುತೇಕ ಹೊರದೇಶದ ತೂಕವೇ ಲೆಕ್ಕ. ವಿಜಯಪುರ, ಬಾಗಲಕೋಟೆಯಿಂದ ಬಸ್ಸಿನಲ್ಲಿ ಹೋಗುವವರು ರೊಟ್ಟಿ ಡಬ್ಬಿಯನ್ನು ಡಿಕ್ಕಿಗೆ ಹಾಕದೆ ತೊಡೆ ಮೇಲಿಟ್ಟುಕೊಳ್ಳಿ. ವಿಮಾನಕ್ಕಿಂತ ಡಿಕ್ಕಿಯಲ್ಲೇ ರೊಟ್ಟಿ ಹೆಚ್ಚು ಮುರಿಯುತ್ತವೆ.

ಆಮೇಲೆ ಕೊರಿಯರ್ ಮಾಡಿಸಿದರಾಯಿತು ಎನ್ನುವವರಿಗೆ ಒಂದು ಗುಣಾಕಾರ. ಕೊರಿಯರಿನವರು ತೂಕ, ಗಾತ್ರ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ. 30, 30, 25 ಸೆಂಟಿಮೀಟರಿನ ಪೆಟ್ಟಿಗೆಗೆ ಅದು 4.5 ಕಿಲೋ. ಅದರೊಳಗೆ 60 ರೊಟ್ಟಿ ಇಟ್ಟರೆ ನಿಜ ತೂಕ 2.4. ಹೆಚ್ಚುಕಡಿಮೆ ಅರ್ಧ ದುಡ್ಡು ಗಾಳಿಗೆ. ಕೊರಿಯರಿನಲ್ಲಿ ಹಿಂಡಿ, ಕರದಂಟು ತರಿಸಿ, ರೊಟ್ಟಿ ತರಿಸಬೇಡಿ.

ಹಾಗಾದರೆ 21ನೇ ದಿನಕ್ಕೆ ಏನು? ಅಲ್ಲೇ ಬಡಿಯಬೇಕು. ಹಂಚಿಗೆ 1.2 ಕಿಲೋ ಎತ್ತಿಟ್ಟದ್ದು ಇದಕ್ಕೆ. ಹೊರದೇಶದ ಬಾಡಿಗೆ ಮನೆಗಳಲ್ಲಿ ಹೆಚ್ಚಾಗಿ ಇಂಡಕ್ಷನ್ ಇಲ್ಲವೇ ಗಾಜಿನ ಎಲೆಕ್ಟ್ರಿಕ್ ಒಲೆ. ಇಂಡಕ್ಷನ್ ಒಲೆ ಕಬ್ಬಿಣವನ್ನು ಕಾಯಿಸುತ್ತದೆ, ಅಲ್ಯೂಮಿನಿಯಂ ಹಂಚನ್ನು ಗುರುತಿಸುವುದೂ ಇಲ್ಲ, ಮಣ್ಣಿನ ಹಂಚಂತೂ ದೂರ. ನಮ್ಮ ಪೇಟೆಯಲ್ಲಿ ಸಿಗುವ ರೊಟ್ಟಿ ಹಂಚು ನಡುವೆ ತುಸು ತಗ್ಗು ಇರುತ್ತದೆ. ಅದು ಗ್ಯಾಸಿಗೆ ಸರಿ, ಇಂಡಕ್ಷನ್ನಿಗೆ ಸಲ್ಲ. ತಳ ಸಪಾಟಾಗಿರುವ ಕಬ್ಬಿಣದ ಹಂಚು ಕೇಳಿ ತಗೊಳ್ಳಿ, ನೆಲದ ಮೇಲಿಟ್ಟು ಅಂಚು ಒತ್ತಿ ನೋಡಿ, ಅಲುಗಾಡಬಾರದು. ಬೀಡಿನ ಹಂಚು ಶಾಖ ಚೆನ್ನಾಗಿ ಹಿಡಿಯುತ್ತದೆ, ಆದರೆ ಎರಡು ಕಿಲೋ ದಾಟುತ್ತದೆ. ಹೊರಡುವ ಮುಂಚೆ ಊರಲ್ಲೇ ನಾಲ್ಕು ಸಲ ಎಣ್ಣೆ ಹಚ್ಚಿ ಕಾಯಿಸಿ ಪಳಗಿಸಿ. ಚೆಕ್-ಇನ್ ಚೀಲದಲ್ಲೇ ಇಡಿ, ಕ್ಯಾಬಿನ್‌ನಲ್ಲಿ ತಡೆಯುತ್ತಾರೆ.

ಹಿಟ್ಟು ಒಯ್ಯಬೇಡಿ ಎಂದದ್ದು ತೂಕಕ್ಕಷ್ಟೇ ಅಲ್ಲ, ಜೋಳದ ಹಿಟ್ಟು ತಿಂಗಳಿಗೇ ಜಿಗುಟು ಕಳೆದುಕೊಳ್ಳುತ್ತದೆ. ಲಂಡನ್ನಿನ ಸೌತಾಲ್, ದುಬೈಯ ಕರಾಮಾ, ಸಿಂಗಪುರದ ಲಿಟಲ್ ಇಂಡಿಯಾ, ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಂಥ ಕಡೆಯ ಭಾರತೀಯ ಅಂಗಡಿಗಳಲ್ಲಿ "ಜುವಾರ್" ಎಂದು ಕೇಳಿ. ಅಲ್ಲಿನವರ ಅಂಗಡಿಯಲ್ಲಾದರೆ "ಸೋರ್ಗಮ್", ಗ್ಲುಟೆನ್ ಇಲ್ಲದ ಹಿಟ್ಟುಗಳ ಸಾಲಿನಲ್ಲಿ ಇಟ್ಟಿರುತ್ತಾರೆ. ಹಡಗಿನಲ್ಲಿ ಬಂದ ಹಿಟ್ಟಿಗೆ ತಿಂಗಳುಗಳ ವಯಸ್ಸು. ತಯಾರಾದ ದಿನಾಂಕ ನೋಡಿ, ಮನೆಗೆ ಬಂದು ಚಿಟಿಕೆ ನಾಲಗೆಗೆ ಇಡಿ. ಕಹಿ ಇದ್ದರೆ ಅದರಿಂದ ಯಾವ ಕೈಯೂ ರೊಟ್ಟಿ ಮಾಡಲಾರದು. ಒಳ್ಳೆಯದು ಸಿಕ್ಕರೆ ಫ್ರೀಜರಿನಲ್ಲಿಡಿ. ಊರಿನ ಕನ್ನಡ ಕೂಟದವರನ್ನು ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆಯೂ ಇದೇ: ಹಿಟ್ಟು ಎಲ್ಲಿ ತಾಜಾ ಬರುತ್ತದೆ, ಯಾವ ವಾರ ಬರುತ್ತದೆ.

ಹಳೆಯ ಹಿಟ್ಟಿಗೆ ಊರಿನ ಅಳತೆ ನಡೆಯುವುದಿಲ್ಲ. ಒಂದು ಬಟ್ಟಲು ಹಿಟ್ಟಿಗೆ ಒಂದು ಬಟ್ಟಲಿಗೆ ತುಸು ಕಡಿಮೆ ನೀರು ಕುದಿಸಿ. ಬುಗ್ಗೆ ಏಳುವಾಗ ಅರ್ಧ ಹಿಟ್ಟು ಎಸರಿಗೇ ಹಾಕಿ, ಸಣ್ಣ ಉರಿಯಲ್ಲಿ ಒಂದು ನಿಮಿಷ ತಿರುವಿ, ಇಳಿಸಿ ಐದು ನಿಮಿಷ ಮುಚ್ಚಿಡಿ. ಆಮೇಲೆ ಉಳಿದ ಹಿಟ್ಟು ಬೆರೆಸಿ ಪರಾತದಲ್ಲಿ ಅಂಗೈ ಬುಡದಿಂದ ಏಳೆಂಟು ನಿಮಿಷ ನಾದಬೇಕು. ಎಲ್ಲರೂ ಸೋಲುವುದು ಇಲ್ಲೇ, ಎರಡು ನಿಮಿಷಕ್ಕೆ ಬಿಟ್ಟುಬಿಡುತ್ತಾರೆ. ನಾದಿದ ಉಂಡೆ ಒತ್ತಿದಾಗ ಅಂಚು ಬಿರಿಯದಿದ್ದರೆ ಸಿದ್ಧ. ಎಲ್ಲ ಹಿಟ್ಟು ಒಟ್ಟಿಗೆ ನಾದಿ ಇಡಬೇಡಿ, ಎರಡು ರೊಟ್ಟಿಗಾಗುವಷ್ಟು ಮಾತ್ರ. ಬಡಿಯಲು ಬಾರದವರು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಲಟ್ಟಿಸಬಹುದು. ಊರಲ್ಲಿ ನಗುತ್ತಾರೆ, ರೊಟ್ಟಿ ನಗುವುದಿಲ್ಲ. ಗೋಧಿ ಹಿಟ್ಟು ಬೆರೆಸುವ ಉಪಾಯ ಮಾತ್ರ ಬೇಡ. ಅದು ಚಪಾತಿಯೂ ಅಲ್ಲ, ರೊಟ್ಟಿಯೂ ಅಲ್ಲ.

ಉರಿ ಇಲ್ಲದ ಒಲೆಯಲ್ಲಿ ಉಬ್ಬಿಸುವುದು ಹೀಗೆ. ಹಂಚು ಚೆನ್ನಾಗಿ ಕಾಯಬೇಕು, ನೀರು ಚಿಮುಕಿಸಿದರೆ ಹನಿಗಳು ಕುಣಿಯಬೇಕು. ರೊಟ್ಟಿ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ. ನೀರು ಪೂರ್ತಿ ಆರುವ ಮುಂಚೆ, ತೇವ ಇನ್ನೂ ತುಸು ಮಿಂಚುವಾಗ ತಿರುವಿ. ಎರಡನೇ ಮಗ್ಗುಲು ಚುಕ್ಕೆ ಬಂದ ಮೇಲೆ ಮತ್ತೆ ತಿರುವಿ, ಮಡಿಚಿದ ಬಟ್ಟೆಯಿಂದ ಅಂಚಿನ ಸುತ್ತ ಮೆಲ್ಲಗೆ ಒತ್ತುತ್ತ ಬನ್ನಿ. ಒತ್ತಿದ ಕಡೆಯ ಹಬೆ ನಡುವಿಗೆ ಓಡಿ ಪದರು ಎತ್ತುತ್ತದೆ. ನೀರು ಆರಿದ ಮೇಲೆ ತಿರುವಿದರೆ ಮೇಲ್ಪದರು ಬಿರುಕು ಬಿಟ್ಟು ಹಬೆ ಅಲ್ಲೇ ಸೋರುತ್ತದೆ. ಖಡಕ್ ಬೇಕೆಂದರೆ ಉಬ್ಬಿದ ರೊಟ್ಟಿಗಳನ್ನು ಓವನ್ನಿನ ಜಾಲರಿಯ ಮೇಲೆ 110-120 ಡಿಗ್ರಿಯಲ್ಲಿ 15-20 ನಿಮಿಷ, ನಡುವೆ ಒಮ್ಮೆ ತಿರುವಿ. ಬಡಿಯುವಾಗ ಉದುರಿದ ಒಣ ಹಿಟ್ಟು ಹಂಚಿನ ಮೇಲೆ ಸುಟ್ಟರೆ ಹೊಗೆ ಅಲಾರಂ ಕೂಗುತ್ತದೆ, ಕೆಲವು ಕಟ್ಟಡಗಳಲ್ಲಿ ಅದು ಇಡೀ ಕಟ್ಟಡವನ್ನೇ ಕೆಳಗಿಳಿಸುತ್ತದೆ. ಪ್ರತಿ ರೊಟ್ಟಿಯ ನಂತರ ಹಂಚನ್ನು ಒಣ ಬಟ್ಟೆಯಿಂದ ಒರೆಸಿ, ಫ್ಯಾನ್ ಮೊದಲೇ ಹಾಕಿ.

ಇನ್ನೊಂದು ಮಾತು, ಹಂಚಿಕೊಂಡ ಮನೆಯಲ್ಲಿ ಇರುವವರಿಗೆ. ಶೇಂಗಾ ಅಲರ್ಜಿ ನಮ್ಮಲ್ಲಿ ಕೇಳಿದ್ದು ಕಡಿಮೆ. ಆ ದೇಶಗಳಲ್ಲಿ ಅದಕ್ಕೆ ಬಹಳ ಹೆದರುತ್ತಾರೆ, ಕೆಲವರಿಗೆ ಚಮಚಕ್ಕೆ ಅಂಟಿದ ಪುಡಿಯೇ ಸಾಕು ಆಸ್ಪತ್ರೆ ಸೇರಲು. ಹಿಂಡಿ ಡಬ್ಬಿಗೆ ಬೇರೆ ಚಮಚ ಇಡಿ. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಶೇಂಗಾ ಇದೆ ಎಂದು ಬರೆದು ಅಂಟಿಸಿ. ಆಫೀಸಿಗೆ ಶೇಂಗಾ ಹೋಳಿಗೆ ಒಯ್ಯುವ ದಿನವೂ ಡಬ್ಬಿ ತೆರೆಯುವ ಮುಂಚೆ ಅದನ್ನೇ ಮೊದಲು ಹೇಳಿ.